ದೀಪವನ್ನು ತೆರೆಯುವವರು: ಚೀನೀ ಭಾಷಿಕರ ಬಾಯಲ್ಲಿ ‘ಓಪನ್’

ಸಿಂಗಪುರದ ಗ್ರಂಥಾಲಯವೊಂದರಲ್ಲಿ ಶನಿವಾರದ ಸಂಜೆಗಳಲ್ಲಿ ಇಂಗ್ಲಿಷ್ ಕಲಿಯುವವರ ಜೊತೆ ಕುಳಿತುಕೊಳ್ಳುತ್ತೇನೆ. ಹೆಚ್ಚಿನವರು ಚೀನಾದಿಂದ ಬಂದವರು. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರು, ಗಂಡನ ನೌಕರಿಯಿಂದಾಗಿ ಊರು ಬಿಟ್ಟವರು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದ ಅಜ್ಜಿಯರು. ಒಂದು ಸಂಜೆ ಮೋಡ ಕವಿದು ಕೋಣೆ ಕತ್ತಲಾಯಿತು. ಹಾರ್ಬಿನ್ ಕಡೆಯ ಮಹಿಳೆಯೊಬ್ಬರು ಪುಸ್ತಕದಿಂದ ತಲೆಯೆತ್ತಿ, ದಯವಿಟ್ಟು ಲೈಟನ್ನು ‘ಓಪನ್’ ಮಾಡಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಎದ್ದು ಸ್ವಿಚ್ ಒತ್ತಿದೆ. ಬೆಳಕು ಬಂದ ಮೇಲೆ ಅವರೇ ನಾಲಿಗೆ ಕಚ್ಚಿಕೊಂಡರು. ತಪ್ಪು ಎಂದು ಅವರಿಗೆ ಗೊತ್ತಿತ್ತು. ಹಿಂದಿನ ವಾರವಷ್ಟೇ ಅದನ್ನು ತಿದ್ದಿಕೊಂಡು, ‘ಟರ್ನ್ ಆನ್’ ಎಂಬ ಸರಿಯಾದ ರೂಪವನ್ನು ಹತ್ತು ಸಲ ಬರೆದಿದ್ದರು. ಆದರೂ ಕತ್ತಲಾದ ಕೂಡಲೇ ಬಾಯಿಗೆ ಬಂದದ್ದು ‘ಓಪನ್’.

ಕನ್ನಡದವಳಾದ ನನಗೆ ಈ ತಪ್ಪಿನ ಬೇರು ಎಲ್ಲಿರಬಹುದು ಎಂಬ ಅಂದಾಜು ಸುಲಭವಾಗಿ ಸಿಕ್ಕಿತು. ನಮ್ಮಲ್ಲಿ ಲೈಟ್ ‘ಹಾಕುತ್ತಾರೆ’. ಫ್ಯಾನ್ ಹಾಕು, ಟಿವಿ ಹಾಕು, ಬೀಗ ಹಾಕು, ಉಪ್ಪು ಹಾಕು. ಈ ‘ಹಾಕು’ವನ್ನು ಹಾಗೆಯೇ ಇಂಗ್ಲಿಷಿಗೆ ಹೊತ್ತೊಯ್ದು ‘ಪುಟ್ ದ ಲೈಟ್’ ಎನ್ನುವವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಅದು ಅಜಾಗರೂಕತೆಯಿಂದ ಆಗುವ ತಪ್ಪಲ್ಲ. ಕಲಿಯುವವರು ತಮ್ಮ ಭಾಷೆಯ ಒಂದು ಚಿತ್ರವನ್ನು ಪರಭಾಷೆಯ ಪದದ ಮೇಲೆ ಇಟ್ಟು ನೋಡುತ್ತಿರುತ್ತಾರೆ. ಆ ಚಿತ್ರ ಯಾವುದು ಎಂದು ತಿಳಿಯದೆ ಪದವನ್ನು ಮಾತ್ರ ತಿದ್ದಿದರೆ, ಕತ್ತಲಾದಾಗ ಹಳೆಯದೇ ಹೊರಬರುತ್ತದೆ.

ಚೀನೀ ಭಾಷೆಯಲ್ಲಿ ಆ ಚಿತ್ರದ ಹೆಸರು ‘ಖಾಯ್’. ನಮ್ಮ ‘ಖ’ದಂತೆಯೇ ಉಸಿರು ತುಂಬಿ, ದನಿಯನ್ನು ಮೇಲಿನ ಸ್ಥಾಯಿಯಲ್ಲಿ ಏರಿಳಿತವಿಲ್ಲದೆ ಹಿಡಿದು ಹೇಳಬೇಕು. ಅದನ್ನು ಬರೆಯುವ ಹಳೆಯ ಅಕ್ಷರವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ: ಎರಡು ಕದಗಳಿರುವ ಬಾಗಿಲು, ನಡುವೆ ಅಡ್ಡಲಾಗಿ ಅಗುಳಿ, ಕೆಳಗಿನಿಂದ ಆ ಅಗುಳಿಯನ್ನು ತೆಗೆಯುತ್ತಿರುವ ಎರಡು ಕೈಗಳು. 1956ರಲ್ಲಿ ಚೀನಾ ಸರ್ಕಾರ ಲಿಪಿಯನ್ನು ಸರಳಗೊಳಿಸಿದಾಗ ಈ ಅಕ್ಷರದಿಂದ ಬಾಗಿಲನ್ನೇ ತೆಗೆದುಹಾಕಿತು. ಅಗುಳಿ ಮತ್ತು ಕೈಗಳು ಮಾತ್ರ ಉಳಿದವು. ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಇಂದಿಗೂ ಬಾಗಿಲಿನೊಂದಿಗೇ ಬರೆಯುತ್ತಾರೆ. ಆದರೆ ಪದದ ಅರ್ಥ ಬಾಗಿಲನ್ನು ದಾಟಿ ಹೊರಗೆ ಬಂದದ್ದು ಲಿಪಿ ಸುಧಾರಣೆಗಿಂತ ಬಹಳ ಹಿಂದೆಯೇ.

ಎಷ್ಟು ದೂರ ಬಂದಿದೆ ನೋಡಿ. ಹೂವು ಖಾಯ್ ಆದರೆ ಅರಳುತ್ತದೆ. ನೀರು ಖಾಯ್ ಆದರೆ ಕುದಿಯುತ್ತದೆ. ಚೀನಾದ ಮನೆಮನೆಯಲ್ಲೂ ಫ್ಲಾಸ್ಕಿನಲ್ಲಿ ತುಂಬಿಡುವ ಕುದಿಸಿದ ನೀರಿಗೆ ‘ಖಾಯ್‌ಶ್ವೇ’, ಅಂದರೆ ‘ತೆರೆದ ನೀರು’ ಎಂದೇ ಹೆಸರು. ಸಭೆಯನ್ನು ಖಾಯ್ ಮಾಡಿದರೆ ನಡೆಸುವುದು, ಗಾಡಿಯನ್ನು ಖಾಯ್ ಮಾಡಿದರೆ ಓಡಿಸುವುದು, ಔಷಧಿಯನ್ನು ಖಾಯ್ ಮಾಡಿದರೆ ವೈದ್ಯರು ಚೀಟಿ ಬರೆದುಕೊಡುವುದು, ಚಾಕುವನ್ನು ಖಾಯ್ ಮಾಡಿದರೆ ಶಸ್ತ್ರಚಿಕಿತ್ಸೆ. ತಮಾಷೆಯನ್ನೂ ಖಾಯ್ ಮಾಡುತ್ತಾರೆ. ಒಂದು ಚೌಕದ ವಿಸ್ತೀರ್ಣ ಕೊಟ್ಟು ಬದಿಯ ಉದ್ದ ಕಂಡುಹಿಡಿಯುವ ವರ್ಗಮೂಲದ ಲೆಕ್ಕಕ್ಕೆ ಹಾನ್ ರಾಜವಂಶದ ಕಾಲದಿಂದಲೂ ‘ಚೌಕವನ್ನು ಖಾಯ್ ಮಾಡುವುದು’ ಎಂದೇ ಹೆಸರು. ಇವುಗಳಲ್ಲಿ ಯಾವುದರಲ್ಲೂ ಬಾಗಿಲಿಲ್ಲ. ಆದರೆ ಎಲ್ಲದರಲ್ಲೂ ಅಗುಳಿ ತೆಗೆದ ಕ್ಷಣವಿದೆ. ಸುಮ್ಮನಿದ್ದದ್ದು ಹೊರಟಿತು, ಮುಚ್ಚಿಕೊಂಡದ್ದು ಚಲಿಸಿತು, ಶುರುವಾಯಿತು.

ದೀಪದ ವಿಷಯಕ್ಕೆ ಬಂದರೆ ಇನ್ನೂ ಸ್ಪಷ್ಟ. ‘ಖಾಯ್’ ಪದಕ್ಕೆ ವಿರುದ್ಧವಾದದ್ದು ‘ಕ್ವಾನ್’, ಮುಚ್ಚು. ಗೋಡೆಯ ಮೇಲಿನ ಸ್ವಿಚ್ಚಿಗೆ ಚೀನೀ ಭಾಷೆಯಲ್ಲಿ ‘ಖಾಯ್‌ಕ್ವಾನ್’ ಎನ್ನುತ್ತಾರೆ. ಅಕ್ಷರಶಃ ‘ತೆರೆ-ಮುಚ್ಚು’. ಆ ವಸ್ತುವಿನ ಹೆಸರೇ ಹಾಗಿರುವಾಗ ಅದನ್ನು ಒತ್ತಿ ದೀಪವನ್ನು ತೆರೆಯದೆ ಇನ್ನೇನು ಮಾಡಬೇಕು? ಇದು ಚೀನೀಯರ ವಿಚಿತ್ರ ಕಲ್ಪನೆಯೂ ಅಲ್ಲ. ಥಾಯ್ ಭಾಷೆಯವರು ದೀಪವನ್ನು ತೆರೆಯುತ್ತಾರೆ, ಫಿಲಿಪೀನ್ಸಿನ ಟಗಾಲೋಗ್ ಭಾಷಿಕರು ತೆರೆಯುತ್ತಾರೆ, ಗ್ರೀಕರೂ ತೆರೆಯುತ್ತಾರೆ. ಹಾಗೆ ನೋಡಿದರೆ ‘ಟರ್ನ್’ ಎಂದು ದೀಪವನ್ನು ‘ತಿರುಗಿಸುವ’ ಇಂಗ್ಲಿಷಿನ ರೂಢಿಗೇ ವಿವರಣೆ ಬೇಕು. ಗ್ಯಾಸ್ ದೀಪಗಳ ಕಾಲದಲ್ಲಿ ಅನಿಲ ಹರಿಯಬೇಕಾದರೆ ಸಣ್ಣ ತಿರುಪನ್ನು ತಿರುಗಿಸಬೇಕಿತ್ತು. ವಿದ್ಯುತ್ ಬಂತು, ತಿರುಪು ಹೋಯಿತು, ಕ್ರಿಯಾಪದ ಉಳಿಯಿತು. ಈ ಕಥೆಯನ್ನು ಹೇಳಿದ ದಿನ ನನ್ನ ಗುಂಪಿನ ಅಜ್ಜಿಯೊಬ್ಬರು ಬೆರಳುಗಳಿಂದ ಗಾಳಿಯಲ್ಲಿ ತಿರುಪು ತಿರುಗಿಸಿ ತೋರಿಸಿದರು. ಅವರು ಆಮೇಲೆ ತಪ್ಪಲಿಲ್ಲ.

ಇನ್ನು ಇಂಗ್ಲಿಷಿನ ‘ಓಪನ್’ ಎಂಬ ಪದದ ಒಳಗಿನ ಚಿತ್ರ ಯಾವುದು? ಭಾಷಾವಿಜ್ಞಾನಿಗಳು ಅದನ್ನು ‘ಅಪ್’ ಎಂಬ ಪದದ ಬಂಧು ಎನ್ನುತ್ತಾರೆ. ಮೇಲಕ್ಕೆತ್ತಿದ್ದು, ಮುಚ್ಚಳ ಎತ್ತಿದ್ದು. ಜರ್ಮನ್ನರ ‘ಓಫನ್’ ಕೂಡ ಇದೇ ಕುಟುಂಬದ್ದು. ಅಂದರೆ ಇಲ್ಲಿ ಮುಖ್ಯವಾದದ್ದು ಎತ್ತುವ ಕ್ರಿಯೆಯಷ್ಟೇ ಅಲ್ಲ, ಎತ್ತಿದ ಮೇಲೆ ಕಾಣುವ ಒಳಗು. ಪೆಟ್ಟಿಗೆ, ಪತ್ರ, ಕಣ್ಣು, ಪುಸ್ತಕ, ಅಂಗಡಿ, ಬ್ಯಾಂಕ್ ಖಾತೆ: ಇವೆಲ್ಲಕ್ಕೂ ಒಂದು ಒಳಗಿದೆ. ತೆರೆದ ಮೇಲೆ ನೋಡಬಹುದು, ಹೋಗಬಹುದು, ಏನನ್ನಾದರೂ ಇಡಬಹುದು ಅಥವಾ ತೆಗೆಯಬಹುದು. ಉರಿಯುವ ಬಲ್ಬಿಗೆ ಹಾಗೆ ಹೊಗಬಹುದಾದ ಒಳಗಿಲ್ಲ. ಆದ್ದರಿಂದ ಇಂಗ್ಲಿಷ್ ಕಿವಿಗೆ ‘ದೀಪವನ್ನು ಓಪನ್ ಮಾಡು’ ಎಂದರೆ ಗಾಜಿನ ಬುರುಡೆಯನ್ನು ಬಿಚ್ಚಿ ಒಳಗೆ ಇಣುಕಿದಂತೆ ಕೇಳಿಸುತ್ತದೆ. ಅಡುಗೆಮನೆಯಲ್ಲಿ ದುಡಿಯುವ ಒಬ್ಬರು ‘ನನ್ನ ತಮ್ಮ ಲಾರಿಯನ್ನು ಓಪನ್ ಮಾಡುತ್ತಾನೆ’ ಎಂದು ಹೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಹೆದ್ದಾರಿಯಲ್ಲಿ ಓಡುವ ಲಾರಿ. ಇಂಗ್ಲಿಷ್ ಬಲ್ಲವರ ಮನಸ್ಸಿಗೆ ಬರುವುದು ನಿಂತ ಲಾರಿಯ ಬಾಗಿಲಿಗೆ ಕೈಹಾಕಿದ ಮನುಷ್ಯ.

ಈ ‘ಒಳಗು’ ಇದೆಯೇ ಎಂಬ ಪ್ರಶ್ನೆ ನನಗೆ ಸಿಕ್ಕ ಅತ್ಯುತ್ತಮ ಒರೆಗಲ್ಲು. ಕಂಪ್ಯೂಟರಿನ ಕಡತವನ್ನು ಓಪನ್ ಮಾಡಬಹುದು, ಆ್ಯಪ್ ಅನ್ನು ಓಪನ್ ಮಾಡಬಹುದು. ಪರದೆಯ ಮೇಲೆ ಅವುಗಳ ಒಳಗೆ ಹೋಗುತ್ತೇವೆ. ಫೋನನ್ನು ಓಪನ್ ಮಾಡಿದರೆ ಮಾತ್ರ ರಿಪೇರಿಯವನು ಹಿಂಬದಿಯ ಮುಚ್ಚಳ ಬಿಚ್ಚಿದಂತೆ. ಲ್ಯಾಪ್‌ಟಾಪನ್ನು ಓಪನ್ ಮಾಡುವುದೆಂದರೆ ಅದರ ಪರದೆಯನ್ನು ಎತ್ತುವುದು, ಅದು ಚಾಲೂ ಆಗಿರಬೇಕೆಂದೇನಿಲ್ಲ. ಟಿವಿಯನ್ನು ಓಪನ್ ಮಾಡುವುದು ತಪ್ಪು, ಟಿವಿ ಬಂದ ರಟ್ಟಿನ ಪೆಟ್ಟಿಗೆಯನ್ನು ಓಪನ್ ಮಾಡುವುದು ಸರಿ. ಕಲಿಯುವವರು ಇಂತಹ ಹತ್ತು ಉದಾಹರಣೆಗಳನ್ನು ತಾವೇ ಹುಡುಕಿ ವಾದ ಮಾಡಿಕೊಂಡರೆ ಸಾಕು, ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ತಲೆಕೆಳಗಾದ ತೊಂದರೆಯೂ ಒಂದಿದೆ. ಇಂಗ್ಲಿಷಿನಲ್ಲಿ ಒಂದೇ ‘ಓಪನ್’ ಇರುವಲ್ಲಿ ಚೀನೀ ಭಾಷೆ ಕೈಯ ಚಲನೆಯನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಕಣ್ಣಿಗೆ ‘ಚಂಗ್‌ಖಾಯ್’, ಬಾಯಿಗೆ ಮತ್ತು ತೋಳುಗಳಿಗೆ ‘ಚಾಂಗ್‌ಖಾಯ್’, ಪುಸ್ತಕದ ಹಾಳೆಗೆ ‘ಫಾನ್‌ಖಾಯ್’, ಅಂಟಿಸಿದ ಲಕೋಟೆಗೆ ‘ಛಾಯ್‌ಖಾಯ್’. ಕನ್ನಡಿಗರಿಗೆ ಇದು ಅಪರಿಚಿತವಲ್ಲ. ನಾವು ಕಣ್ಣು ಬಿಡುತ್ತೇವೆ, ಬಾಯಿ ತೆರೆಯುತ್ತೇವೆ, ಗಂಟು ಬಿಚ್ಚುತ್ತೇವೆ, ಲಕೋಟೆ ಒಡೆಯುತ್ತೇವೆ, ಹಾಳೆ ತಿರುವುತ್ತೇವೆ, ಕೊಡೆ ಅರಳಿಸುತ್ತೇವೆ. ಇಷ್ಟೆಲ್ಲ ಬಣ್ಣಗಳಿರುವ ಭಾಷೆಯಿಂದ ಬಂದವರಿಗೆ ಎಲ್ಲದಕ್ಕೂ ಒಂದೇ ಪದ ಹೇಳುವುದು ಏನನ್ನೋ ಬಿಟ್ಟುಬಿಟ್ಟಂತೆ ಅನ್ನಿಸುತ್ತದೆ. ಚೀನೀ ವಿದ್ಯಾರ್ಥಿಗಳೂ ಅದನ್ನೇ ಹೇಳುತ್ತಾರೆ, ಇನ್ನೂ ಯಾವುದೋ ಸರಿಯಾದ ಪದ ಇರಬೇಕಲ್ಲವೇ ಎಂದು ಕೇಳುತ್ತಾರೆ. ಇಲ್ಲ, ಇಷ್ಟೇ ಸಾಕು ಎಂದು ಹೇಳುವಾಗ ನನಗೂ ಸ್ವಲ್ಪ ಬೇಸರವಾಗುತ್ತದೆ.

ಈಗ ಅತಿ ಹೆಚ್ಚು ಜನ ಎಡವುವ ಜಾಗಕ್ಕೆ ಬರುತ್ತೇನೆ: ಅಂಗಡಿಯ ಬಾಗಿಲಲ್ಲಿ ತೂಗುವ ಫಲಕ. ಒಂದು ಬದಿಯಲ್ಲಿ ‘ಓಪನ್’, ಇನ್ನೊಂದು ಬದಿಯಲ್ಲಿ ‘ಕ್ಲೋಜ಼್ಡ್’. ಒಂದಕ್ಕೆ ಕೊನೆಯಲ್ಲಿ ‘ಡ್’ ಇದೆ, ಇನ್ನೊಂದಕ್ಕೆ ಇಲ್ಲ. ಯಾಕೆ? ‘ಓಪನ್’ ಹುಟ್ಟಿನಿಂದಲೇ ಗುಣವಾಚಕ, ಅಂದರೆ ಸ್ಥಿತಿಯನ್ನು ಹೇಳುವ ಪದ. ಕ್ರಿಯಾಪದವನ್ನು ಆಮೇಲೆ ಅದರಿಂದ ಮಾಡಿಕೊಂಡದ್ದು. ‘ಕ್ಲೋಜ಼್’ ಮಾತ್ರ ಮೊದಲಿಗೆ ಕ್ರಿಯಾಪದವೇ. ಮುಚ್ಚಿರುವ ಸ್ಥಿತಿಯನ್ನು ಹೇಳಬೇಕಾದರೆ ಬಾಲ ಸೇರಿಸಬೇಕು. ಅಂಗಡಿ ತೆರೆದಿದೆ ಎನ್ನಲು ‘ಓಪನ್ಡ್’ ಎಂದರೆ ಯಾರೋ ಒಂದು ದಿನ ಬಂದು ಅದನ್ನು ಉದ್ಘಾಟಿಸಿದರು ಎಂಬ ಧ್ವನಿ ಬರುತ್ತದೆ. ಭಾನುವಾರ ಗ್ರಂಥಾಲಯ ತೆರೆದಿರುತ್ತದೆ ಎನ್ನಲು ಆ ರೂಪವನ್ನು ಬಳಸಿದರೆ, ಪ್ರತಿ ಭಾನುವಾರವೂ ರಿಬ್ಬನ್ ಕತ್ತರಿಸುವ ಸಮಾರಂಭ ನಡೆಯುತ್ತದೆಯೇನೋ ಎಂಬಂತೆ ಕೇಳಿಸುತ್ತದೆ.

ಇನ್ನೊಂದು ಬದಿಯ ಫಲಕ ಇದಕ್ಕಿಂತ ಕಷ್ಟದ್ದು. ಮ್ಯಾಂಡರಿನ್ ಚೀನೀ ಭಾಷೆಯ ಉಚ್ಚಾರಾಂಶಗಳು ಸ್ವರದಲ್ಲಿ ಮುಗಿಯುತ್ತವೆ, ಇಲ್ಲವೇ ಮೂಗಿನ ‘ನ್’, ‘ಂಗ್’ ದನಿಗಳಲ್ಲಿ. ಬೀಜಿಂಗ್ ಕಡೆ ಒಂದು ‘ರ್’ ಕೂಡ ಸೇರುತ್ತದೆ. ‘ಜ಼್ಡ್’ ಎಂಬ ಜೋಡಿ ಪದದ ತುದಿಯಲ್ಲಿ ನಿಲ್ಲುವುದು ಆ ನಾಲಿಗೆಗೆ ಅಭ್ಯಾಸವಿಲ್ಲದ ಕಸರತ್ತು. ಆದ್ದರಿಂದ ತುದಿಯ ‘ಡ್’ ಬಿದ್ದುಹೋಗುತ್ತದೆ, ‘ಜ಼್’ ಮೆತ್ತಗಾಗಿ ‘ಸ್’ ಆಗುತ್ತದೆ. ಉಳಿಯುವುದು ‘ಕ್ಲೋಸ್’. ಅದು ಇಂಗ್ಲಿಷಿನಲ್ಲಿ ಬೇರೆಯೇ ಪದ, ‘ಹತ್ತಿರ’ ಎಂದು ಅದರ ಅರ್ಥ. ಬ್ಯಾಂಕ್ ಮುಚ್ಚಿದೆ ಎಂದು ಹೇಳಹೊರಟವರು ಬ್ಯಾಂಕ್ ಹತ್ತಿರದಲ್ಲೇ ಇದೆ ಎಂದು ಹೇಳಿರುತ್ತಾರೆ. ಕೇಳಿದವರು ಸಂತೋಷದಿಂದ ಅತ್ತ ನಡೆದುಹೋಗುತ್ತಾರೆ. ಕನ್ನಡದ ನಾಲಿಗೆ ಇಂತಹ ಕಡೆ ‘ಉ’ ಸೇರಿಸಿ ‘ಕ್ಲೋಸ್ಡು’ ಎಂದು ಬಚಾವಾಗುತ್ತದೆ. ಮ್ಯಾಂಡರಿನ್ ಭಾಷಿಕರಿಗೆ ನಾನು ಹೇಳಿಕೊಡುವ ಉಪಾಯ ಮುಂದಿನ ಪದವನ್ನು ಸ್ವರದಿಂದ ಶುರುಮಾಡುವುದು. ಆಗ ‘ಡ್’ ಆ ಸ್ವರದ ಹೆಗಲೇರಿ ಸರಾಗವಾಗಿ ಬಂದುಬಿಡುತ್ತದೆ.

ಸ್ಥಿತಿ ಮತ್ತು ಘಟನೆಯ ಈ ವ್ಯತ್ಯಾಸವನ್ನು ಕಲಿಸಲು ಮಾತ್ರ ವ್ಯಾಕರಣದ ಪುಸ್ತಕ ಬೇಕಿಲ್ಲ. ಅದು ಅವರ ಭಾಷೆಯಲ್ಲೇ ಇದೆ. ಚೀನೀ ಕ್ರಿಯಾಪದಗಳು ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ಆದರೆ ಬೆನ್ನಿಗೆ ಸಣ್ಣ ಅಕ್ಷರಗಳು ಅಂಟಿಕೊಳ್ಳುತ್ತವೆ. ಬಾಗಿಲಿಗೆ ‘ಮನ್’ ಎನ್ನುತ್ತಾರೆ. ‘ಮನ್ ಖಾಯ್‌ಚ’ ಎಂದರೆ ಬಾಗಿಲು ತೆರೆದುಕೊಂಡಿದೆ. ‘ಮನ್ ಖಾಯ್‌ಲ’ ಎಂದರೆ ಬಾಗಿಲು ತೆರೆಯಿತು, ಈಗ ಏನೋ ಬದಲಾಯಿತು. ಮೊದಲನೆಯದು ಬಾಲವಿಲ್ಲದ ‘ಓಪನ್’, ಎರಡನೆಯದು ಬಾಲವಿರುವ ‘ಓಪನ್ಡ್’. ಈ ಎರಡು ಸಾಲುಗಳನ್ನು ಬಿಳಿ ಹಲಗೆಯ ಮೇಲೆ ಬರೆದಾಗ ಒಂದು ಕ್ಷಣ ಕೋಣೆ ನಿಶ್ಶಬ್ದವಾಗುತ್ತದೆ, ಆಮೇಲೆ ಎಲ್ಲರೂ ಒಟ್ಟಿಗೆ ಮಾತನಾಡತೊಡಗುತ್ತಾರೆ. ಕಲಿಸುವವರಿಗೆ ಅದಕ್ಕಿಂತ ದೊಡ್ಡ ಸುಖವಿಲ್ಲ.

ಬಾಗಿಲು, ಮುಚ್ಚಳಗಳಾಚೆ ‘ಓಪನ್’ ಪದಕ್ಕೆ ಇನ್ನೂ ಎರಡು ಬಯಲುಗಳಿವೆ. ಒಂದು, ತಡೆಯಿಲ್ಲದ್ದು, ಮರೆಯಿಲ್ಲದ್ದು. ಬಯಲು, ನಡುಗಡಲು, ಎಲ್ಲರಿಗೂ ಗೊತ್ತಿರುವ ಗುಟ್ಟು, ಪತ್ರಿಕೆಯಲ್ಲಿ ಅಚ್ಚಾಗುವ ಬಹಿರಂಗ ಪತ್ರ. ಇಲ್ಲಿ ಚೀನೀ ಭಾಷೆ ‘ಕುಂಗ್‌ಖಾಯ್’ ಎನ್ನುತ್ತದೆ, ‘ಸಾರ್ವಜನಿಕವಾಗಿ ತೆರೆದದ್ದು’. ಗಾಲ್ಫ್ ಮತ್ತು ಟೆನಿಸ್ ಪಂದ್ಯಾವಳಿಗಳ ಹೆಸರಿನ ‘ಓಪನ್’ ಈ ಬಯಲಿಗೆ ಸೇರಿದ್ದು. 1860ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ನಡೆದ ಗಾಲ್ಫ್ ಸ್ಪರ್ಧೆಯಲ್ಲಿ ಆಡಿದ್ದು ಎಂಟು ಮಂದಿ ವೃತ್ತಿಪರರು. ಮರುವರ್ಷ ಅದನ್ನು ಎಲ್ಲರಿಗೂ ತೆರೆದರು. ಟೆನಿಸ್‌ನಲ್ಲಿ ವೃತ್ತಿಪರರಿಗೆ ದೊಡ್ಡ ಪಂದ್ಯಾವಳಿಗಳ ಬಾಗಿಲು ತೆರೆದದ್ದು 1968ರಲ್ಲಿ. ಚೀನೀ ಭಾಷೆಯಲ್ಲಿ ಈ ಪಂದ್ಯಗಳು ‘ಕುಂಗ್‌ಖಾಯ್’ ಪಂದ್ಯಗಳೇ. ಚೀನಾದ ಟೆನಿಸ್ ಆಟಗಾರ್ತಿ ಲೀ ನಾ 2011ರಲ್ಲಿ ಫ್ರೆಂಚ್ ಓಪನ್ ಗೆದ್ದು, 2014ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದದ್ದನ್ನು ನನ್ನ ಗುಂಪಿನ ಎಲ್ಲರೂ ಬಲ್ಲರು. ಆದರೆ ಆ ಹೆಸರಿನ ‘ಓಪನ್’ ಮತ್ತು ಅಂಗಡಿ ಫಲಕದ ‘ಓಪನ್’ ಒಂದೇ ಪದ ಎಂಬುದು ಹಲವರಿಗೆ ಹೊಳೆದಿರಲಿಲ್ಲ. ಕನ್ನಡದಲ್ಲಿ ನಾವು ಇದೇ ಅರ್ಥವನ್ನು ‘ಮುಕ್ತ’ ಎಂಬ ಪದದಿಂದ ಹಿಡಿದಿದ್ದೇವೆ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಾಜ್ಯದ ‘ಮುಕ್ತ’ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಬಾಗಿಲಿನ ಬದಲು ಬಿಡುಗಡೆ ಇದೆ.

ಎರಡನೆಯ ಬಯಲು, ಇನ್ನೂ ಗೆರೆ ಎಳೆಯದ್ದು. ತೀರ್ಮಾನವಾಗದ ಪ್ರಶ್ನೆ ಓಪನ್, ದಿನಾಂಕ ಬರೆಯದ ಟಿಕೆಟ್ ಓಪನ್, ಇನ್ನೂ ಯಾರನ್ನೂ ನೇಮಿಸದ ಹುದ್ದೆ ಓಪನ್. ಸಲಹೆಗೆ ನಾನು ಓಪನ್ ಎಂದರೆ ಕೇಳಲು ಸಿದ್ಧ. ಮಂಗಳವಾರ ನಾನು ಓಪನ್ ಎಂದರೆ ಬಿಡುವಾಗಿದ್ದೇನೆ. ಮಂಗಳವಾರ ‘ನಾವು’ ಓಪನ್ ಎಂದರೆ ಮಾತ್ರ ನಮ್ಮ ಅಂಗಡಿ ಬಾಗಿಲು ತೆಗೆದಿರುತ್ತದೆ. ಚೀನೀ ಭಾಷೆಯ ‘ಖಾಯ್’ ಈ ಕಡೆಗೆ ಹೆಚ್ಚಾಗಿ ಬರುವುದಿಲ್ಲ. ಅದಕ್ಕೆ ‘ಶುರು’ ಎಂಬ ದಿಕ್ಕು ಇಷ್ಟ, ‘ಇನ್ನೂ ಮುಗಿಯದ್ದು’ ಎಂಬ ದಿಕ್ಕಲ್ಲ. ಕಚೇರಿಯ ಪತ್ರದಲ್ಲಿ ವಿಷಯ ಇನ್ನೂ ಓಪನ್ ಆಗಿದೆ ಎಂದು ಓದಿದವರು ಕೆಲಸ ಶುರುವಾಯಿತು ಎಂದುಕೊಳ್ಳುವುದು ಇದರಿಂದಲೇ.

ಮನುಷ್ಯರ ಬಗ್ಗೆ ಮಾತನಾಡುವಾಗ ಹೆಚ್ಚು ಎಚ್ಚರ ಬೇಕು. ಚೀನಾದಲ್ಲಿ 1978ರ ಡಿಸೆಂಬರಿನಿಂದ ತಂಗ್ ಶ್ಯಾವ್‌ಪಿಂಗ್, ಅಂದರೆ ನಮ್ಮ ಪತ್ರಿಕೆಗಳ ಡೆಂಗ್ ಕ್ಸಿಯೋಪಿಂಗ್, ಮುನ್ನಡೆಸಿದ ಆರ್ಥಿಕ ನೀತಿಯ ಹೆಸರಿನಲ್ಲೇ ‘ಖಾಯ್‌ಫಾಂಗ್’ ಇದೆ. ಸುಧಾರಣೆ ಮತ್ತು ತೆರೆದುಕೊಳ್ಳುವಿಕೆ. ಆ ಪೀಳಿಗೆಗೆ ಅದು ಭರವಸೆಯ ಪದ. ಆದರೆ ಅದೇ ‘ಖಾಯ್‌ಫಾಂಗ್’ ಅನ್ನು ಒಬ್ಬ ವ್ಯಕ್ತಿಗೆ, ಅದರಲ್ಲೂ ಹೆಣ್ಣಿಗೆ ಹೇಳಿದರೆ ಲೈಂಗಿಕವಾಗಿ ಕಟ್ಟುಪಾಡಿಲ್ಲದವಳು ಎಂಬ ನೆರಳು ಬೀಳಬಹುದು. ಇಂಗ್ಲಿಷಿನಲ್ಲಿ ಆಕೆ ತುಂಬ ಓಪನ್ ಎಂದರೆ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದೆ ಹೇಳುತ್ತಾಳೆ ಎಂಬ ಮೆಚ್ಚುಗೆ. ನನ್ನ ಗುಂಪಿನ ಯುವತಿಯೊಬ್ಬಳಿಗೆ ಕೆಲಸದ ಜಾಗದಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಹೀಗೆ ಮೆಚ್ಚುಗೆ ಸೂಚಿಸಿದ್ದರು. ಅವಳು ಎರಡು ವಾರ ಅವರ ಜೊತೆ ಮಾತು ಬಿಟ್ಟಿದ್ದಳು. ನಮ್ಮ ಮೇಜಿನ ಬಳಿ ಅದನ್ನು ಹೇಳುವಾಗಲೂ ಅವಳ ದನಿ ನಡುಗುತ್ತಿತ್ತು. ಪದಕೋಶದಲ್ಲಿ ಎರಡೂ ಪದಗಳು ಒಂದರ ಎದುರು ಒಂದು ಅಚ್ಚಾಗಿರುತ್ತವೆ, ಈ ನೆರಳು ಮಾತ್ರ ಅಚ್ಚಾಗುವುದಿಲ್ಲ.

‘ಖಾಯ್‌ಶಿನ್’ ಎಂಬ ಮುದ್ದಾದ ಪದವೂ ಇದೆ. ‘ಶಿನ್’ ಅಂದರೆ ಹೃದಯ. ಹೃದಯ ಅರಳಿದೆ, ಸಂತೋಷವಾಗಿದೆ ಎಂದು ಅರ್ಥ. ಕನ್ನಡದಲ್ಲಿ ಮನಸ್ಸು ಅರಳಿತು ಎನ್ನುತ್ತೇವಲ್ಲ, ಅದಕ್ಕೆ ತೀರ ಹತ್ತಿರ. ಇಂಗ್ಲಿಷಿನಲ್ಲಿ ಹೃದಯವನ್ನು ‘ಓಪನ್’ ಜೊತೆ ಸೇರಿಸಿದರೆ ಒಂದೋ ನಿಷ್ಕಪಟ ಮನಸ್ಸು, ಇಲ್ಲವೇ ಎದೆ ಸೀಳಿ ಮಾಡುವ ಶಸ್ತ್ರಚಿಕಿತ್ಸೆ. ಸಂತೋಷ ಅಲ್ಲಿಲ್ಲ. ಹೀಗಾಗಿ ಈ ಪದವನ್ನು ದಾಟಿಸಲು ಹೋಗಬೇಡಿ, ಅದು ನಿಮ್ಮ ಭಾಷೆಯಲ್ಲೇ ಚೆನ್ನಾಗಿದೆ ಎಂದು ಹೇಳುತ್ತೇನೆ.

ಕಳೆದ ತಿಂಗಳು ಹಾರ್ಬಿನ್ ಕಡೆಯ ಆ ಮಹಿಳೆ ಮಗನ ಭೌತಶಾಸ್ತ್ರದ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ಅದರಲ್ಲಿ ಎರಡು ಚಿತ್ರಗಳಿದ್ದವು. ಬ್ಯಾಟರಿ, ಬಲ್ಬು, ತಂತಿ, ನಡುವೆ ಸ್ವಿಚ್. ‘ಓಪನ್’ ಸರ್ಕಿಟ್ ಎಂದು ಬರೆದ ಚಿತ್ರದಲ್ಲಿ ಬಲ್ಬು ಆರಿತ್ತು, ‘ಕ್ಲೋಜ಼್ಡ್’ ಎಂದು ಬರೆದ ಚಿತ್ರದಲ್ಲಿ ಉರಿಯುತ್ತಿತ್ತು. ಇಷ್ಟು ದಿನ ದೀಪವನ್ನು ಓಪನ್ ಮಾಡಿದರೆ ಬೆಳಗುತ್ತದೆ ಎಂದುಕೊಂಡಿದ್ದೆ, ತಪ್ಪು ಎಂದಿರಿ; ಈಗ ಓಪನ್ ಮಾಡಿದರೆ ಆರುತ್ತದೆ ಎನ್ನುತ್ತದೆಯಲ್ಲ ಪುಸ್ತಕ, ಎಂದು ಕೇಳಿದರು. ಅವರ ಭಾಷೆಯ ಭೌತಶಾಸ್ತ್ರದಲ್ಲೂ ಕಡಿದ ಮಂಡಲಕ್ಕೆ ‘ಖಾಯ್‌ಲು’, ‘ತೆರೆದ ದಾರಿ’ ಎಂಬ ಹೆಸರಿದೆ, ಶಾಲೆಯಲ್ಲಿ ಓದಿದ್ದು ಅವರಿಗೆ ನೆನಪಿತ್ತು. ಹೆಸರು ನೆನಪಿತ್ತು, ಅದು ದೀಪದ ಮಾತಿಗೆ ಎದುರು ನಿಲ್ಲುತ್ತದೆ ಎಂಬುದನ್ನು ಯೋಚಿಸಿರಲಿಲ್ಲ.

ನಾನು ಕಾಗದದ ಮೇಲೆ ಸ್ವಿಚ್ಚಿನ ಚಿತ್ರ ಬರೆದೆ. ಎರಡು ತಂತಿಗಳ ನಡುವೆ ಓರೆಯಾಗಿ ಮೇಲೆದ್ದ ಒಂದು ಗೆರೆ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ‘ಖಾಯ್’ ಅಕ್ಷರವನ್ನು ಬರೆದರು. ಶಾಲೆಯಲ್ಲಿ ಕಲಿತ ಸರಳ ರೂಪವಲ್ಲ, ಅಜ್ಜನ ಕಾಲದ ರೂಪ: ಎರಡು ಕದ, ನಡುವೆ ಅಗುಳಿ, ಕೆಳಗೆ ಕೈಗಳು. ನನ್ನ ಚಿತ್ರದ ಮೇಲೆದ್ದ ಗೆರೆಯ ಮೇಲೆ ಬೆರಳಿಟ್ಟು, ತಮ್ಮ ಅಕ್ಷರದ ಅಗುಳಿಯ ಮೇಲೆ ಇನ್ನೊಂದು ಬೆರಳಿಟ್ಟು, ಇದು ಎತ್ತಿದರೆ ಮನುಷ್ಯರು ಹೋಗುತ್ತಾರೆ, ಅದು ಎತ್ತಿದರೆ ವಿದ್ಯುತ್ ನಿಲ್ಲುತ್ತದೆ ಎಂದರು. ಆಮೇಲೆ ಮಗನ ನೋಟ್‌ಬುಕ್ಕಿನ ಅಂಚಿನಲ್ಲಿ ಆ ಎರಡನ್ನೂ ಅಕ್ಕಪಕ್ಕದಲ್ಲಿ, ಚಿಕ್ಕದಾಗಿ ನಕಲು ಮಾಡಿಕೊಂಡರು.